ಫೈಲೂ ಒಂದು ಬಿಡಿಭಾಗ

ಹೈದರಾಬಾದಿನ ಅಬಿಡ್ಸ್‌ನಲ್ಲಿರುವ ಜಗದೀಶ್ ಮಾರ್ಕೆಟ್ಟಿಗೆ ಹೊಸ ಮೊಬೈಲ್ ಕೊಳ್ಳಲು ಬರುವವರಂತೆ ಹಳೆಯದನ್ನು ಬದುಕಿಸಿಕೊಳ್ಳಲು ಬರುವವರೂ ಇದ್ದಾರೆ. ಕಿರಿದಾದ ಅಂಗಡಿಗಳ ಸಾಲು, ಕೌಂಟರಿನ ಮೇಲೆ ಭೂತಗನ್ನಡಿ ಹಾಕಿದ ದೀಪ, ಬಿಸಿಗಾಳಿ ಊದುವ ಯಂತ್ರ, ಹೊಟ್ಟೆ ಬಿಚ್ಚಿಕೊಂಡು ಮಲಗಿದ ಫೋನುಗಳು. ಪಕ್ಕದಲ್ಲೊಂದು ಹಳೆಯ ಲ್ಯಾಪ್‌ಟಾಪ್, ಅದಕ್ಕೆ ಜೋತುಬಿದ್ದ ನಾಲ್ಕಾರು ಯುಎಸ್‌ಬಿ ಕೇಬಲ್. ಮಗುವಿನ ಟ್ಯಾಬ್ಲೆಟ್ಟು ಕಂಪನಿಯ ಲೋಗೋ ತೋರಿಸಿ ಅಲ್ಲೇ ನಿಂತುಬಿಟ್ಟಿದೆ ಎಂದು ತಾಯಿಯೊಬ್ಬಳು ತಂದುಕೊಟ್ಟರೆ ಅಂಗಡಿಯವನು ಒಂದೆರಡು ಗುಂಡಿ ಒತ್ತಿ ನೋಡಿ ದಖನಿಯಲ್ಲಿ ಹೇಳುತ್ತಾನೆ: ‘ಸಾಫ್ಟ್‌ವೇರ್ ಉಡ್ ಗಯಾ ಅಮ್ಮಾ, ಡಾಲ್ನಾ ಪಡ್ತಾ.’ ಸಾಫ್ಟ್‌ವೇರ್ ಹಾರಿಹೋಗಿದೆ, ಹಾಕಬೇಕು. ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಇದೇ ಮಾತನ್ನು ‘ಸಾಫ್ಟ್‌ವೇರ್ ಹೋಗಿದೆ ಅಕ್ಕಾ, ಹೊಸದಾಗಿ ಹಾಕ್ಬೇಕು’ ಎನ್ನುತ್ತಾರೆ.

ಈ ಮಾತನ್ನು ಎಂಜಿನಿಯರುಗಳು ಕೇಳಿದರೆ ನಕ್ಕಾರು. ಸಾಫ್ಟ್‌ವೇರ್ ಹಾರುವುದೂ ಇಲ್ಲ, ಸುರಿಯುವುದೂ ಇಲ್ಲ. ಆದರೆ ರಿಪೇರಿ ಅಂಗಡಿಯ ಭಾಷೆಯಲ್ಲಿ ಒಂದು ತಿಳಿವಳಿಕೆ ಅಡಗಿದೆ. ಡಿಸ್‌ಪ್ಲೇ ಹಾಕುವುದು, ಬ್ಯಾಟರಿ ಹಾಕುವುದು, ಚಾರ್ಜಿಂಗ್ ಪಿನ್ ಹಾಕುವುದು ಎಂಬ ಸಾಲಿನಲ್ಲೇ ಸಾಫ್ಟ್‌ವೇರ್ ಹಾಕುವುದೂ ಕೂತಿದೆ. ಒಂದೇ ಕ್ರಿಯಾಪದ, ಒಂದೇ ವ್ಯಾಕರಣ. ಅಂದರೆ ರಿಪೇರಿ ಮಾಡುವವನ ಕಣ್ಣಿನಲ್ಲಿ ಫರ್ಮ್‌ವೇರ್ ಎಂಬುದೊಂದು ಬಿಡಿಭಾಗ. ಕೆಟ್ಟರೆ ತೆಗೆದು ಬೇರೆ ಹಾಕಬೇಕಾದ ವಸ್ತು.

ನಮ್ಮ ಕಾನೂನು, ಕಂಪನಿಗಳ ವಾರಂಟಿ ಕಾಗದ, ಸರ್ಕಾರದ ಟೆಂಡರ್ ಇವು ಯಾವುವೂ ಇನ್ನೂ ಈ ತಿಳಿವಳಿಕೆಗೆ ಬಂದಿಲ್ಲ. ಡಿಸ್‌ಪ್ಲೇ ಸಿಗದಿದ್ದರೆ ಬಿಡಿಭಾಗ ಸಿಗುತ್ತಿಲ್ಲ ಎಂದು ದೂರಬಹುದು. ಫರ್ಮ್‌ವೇರ್ ಫೈಲು ಸಿಗದಿದ್ದರೆ ಏನೆಂದು ದೂರಬೇಕು, ಯಾರಿಗೆ ದೂರಬೇಕು ಎಂಬುದೇ ತೋಚುವುದಿಲ್ಲ. ಟ್ಯಾಬ್ಲೆಟ್ಟು ಮಾರುವವರು ಅದನ್ನು ಮೊದಲ ಸ್ಥಿತಿಗೆ ತರುವ ಫೈಲನ್ನೂ ವಿಧಾನವನ್ನೂ ಕೊಂಡವರಿಗೆ ಕೊಡಲೇಬೇಕು, ಅದರಲ್ಲೂ ಜನರ ತೆರಿಗೆ ಹಣದಲ್ಲಿ ಕೊಂಡ ಟ್ಯಾಬ್ಲೆಟ್ಟುಗಳ ವಿಷಯದಲ್ಲಿ ಇದು ಕಡ್ಡಾಯವಾಗಬೇಕು ಎಂಬುದು ಈ ಬರಹದ ವಾದ.

ಸತ್ತಂತೆ ಕಾಣುವ ಟ್ಯಾಬ್ಲೆಟ್ಟು

ಮೊದಲು ಒಳಗೆ ಏನಾಗಿರುತ್ತದೆ ನೋಡೋಣ. ಟ್ಯಾಬ್ಲೆಟ್ಟಿನ ಪವರ್ ಗುಂಡಿ ಒತ್ತಿದಾಗ ಆಂಡ್ರಾಯ್ಡ್ ಒಮ್ಮೆಲೇ ಏಳುವುದಿಲ್ಲ. ಮುಖ್ಯ ಚಿಪ್ಪಿನೊಳಗೆ, ಕಾರ್ಖಾನೆಯಲ್ಲೇ ಕೆತ್ತಿದಂತೆ ಕೂರಿಸಿದ ಪುಟ್ಟ ಪ್ರೋಗ್ರಾಮೊಂದಿದೆ. ಅದನ್ನು ಬೂಟ್ ರಾಮ್ ಎನ್ನುತ್ತಾರೆ. ಅದು ಎದ್ದು ಮೆಮೊರಿಯಲ್ಲಿರುವ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಬೂಟ್‌ಲೋಡರ್ ಲಿನಕ್ಸ್ ಕರ್ನೆಲನ್ನು ಎಬ್ಬಿಸುತ್ತದೆ, ಕರ್ನೆಲ್ ಆಂಡ್ರಾಯ್ಡನ್ನು. ಒಬ್ಬರನ್ನೊಬ್ಬರು ತಟ್ಟಿ ಎಬ್ಬಿಸುವ ಈ ಸಾಲಿನಲ್ಲಿ ಎಲ್ಲೋ ಒಂದು ಕೊಂಡಿ ಕಳಚಿದರೆ ಲೋಗೋ ಬಂದು ನಿಲ್ಲುತ್ತದೆ, ಇಲ್ಲವೇ ಮತ್ತೆ ಮತ್ತೆ ಆರಿ ಹೊತ್ತುತ್ತದೆ, ಇಲ್ಲವೇ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅಪ್‌ಡೇಟ್ ನಡೆಯುತ್ತಿರುವಾಗ ಬ್ಯಾಟರಿ ಖಾಲಿಯಾಗಿರಬಹುದು, ಮೆಮೊರಿಯ ಒಂದು ಭಾಗದ ಬರಹ ಅಳಿಸಿರಬಹುದು, ತಪ್ಪು ಫೈಲು ಹೊಕ್ಕಿರಬಹುದು.

ಇಷ್ಟಾದರೂ ಬೂಟ್ ರಾಮ್ ಸಾಮಾನ್ಯವಾಗಿ ಸಾಯುವುದಿಲ್ಲ, ಏಕೆಂದರೆ ಅದನ್ನು ಅಳಿಸಲು ಬರುವುದೇ ಇಲ್ಲ. ಮುಂದಿನವನನ್ನು ಎಬ್ಬಿಸಲು ಆಗದಿದ್ದಾಗ, ಅಥವಾ ಒಂದು ಗುಂಡಿ ಒತ್ತಿ ಹಿಡಿದಾಗ, ಅದು ಯುಎಸ್‌ಬಿ ಕೇಬಲಿನ ಕಡೆ ತಿರುಗಿ ಆಜ್ಞೆಗೆ ಕಾಯುತ್ತದೆ. ಆಲ್‌ವಿನ್ನರ್ ಚಿಪ್ಪುಗಳಲ್ಲಿ ಈ ಸ್ಥಿತಿಯನ್ನು ಎಫ್‌ಇಎಲ್ ಎನ್ನುತ್ತಾರೆ, ಕ್ವಾಲ್‌ಕಾಮ್ ಚಿಪ್ಪುಗಳಲ್ಲಿ ಇಡಿಎಲ್. ಮೀಡಿಯಾಟೆಕ್‌ನಲ್ಲೂ ಇಂಥ ದಾರಿಯಿದೆ. ಸ್ಯಾಮ್‌ಸಂಗ್‌ನಲ್ಲಿ ಬೂಟ್‌ಲೋಡರ್ ಜೀವಂತವಿದ್ದರೆ ಡೌನ್‌ಲೋಡ್ ಮೋಡ್ ಎಂಬುದು ಸಿಗುತ್ತದೆ, ಐಪ್ಯಾಡಿನಲ್ಲಿ ರಿಕವರಿ ಮತ್ತು ಡಿಎಫ್‌ಯು ಮೋಡ್‌ಗಳು. ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ಪರದೆ ಕಪ್ಪಾಗಿದ್ದರೂ ಕಂಪ್ಯೂಟರ್ ‘ಹೊಸ ಸಾಧನವೊಂದು ಸಿಕ್ಕಿದೆ’ ಎಂದು ಸದ್ದು ಮಾಡುತ್ತದೆ. ಸತ್ತಿದೆ ಎಂದುಕೊಂಡ ಟ್ಯಾಬ್ಲೆಟ್ಟಿನ ನಾಡಿ ಸಿಗುವುದು ಆ ಸದ್ದಿನಲ್ಲಿ.

ಅಲ್ಲಿಂದ ಮುಂದಿನ ಕೆಲಸಕ್ಕೆ ಮೂರು ಬೇಕು: ಕಂಪ್ಯೂಟರಿನಲ್ಲಿ ಆ ಚಿಪ್ಪಿನ ಜೊತೆ ಮಾತನಾಡಬಲ್ಲ ಪ್ರೋಗ್ರಾಮು, ಅದಕ್ಕೆ ತಕ್ಕ ಡ್ರೈವರ್, ಮತ್ತು ಫರ್ಮ್‌ವೇರ್ ಫೈಲು. ಆಲ್‌ವಿನ್ನರ್‌ಗೆ ಫೀನಿಕ್ಸ್‌ಸೂಟ್ ಅಥವಾ ಲೈವ್‌ಸೂಟ್, ಮೀಡಿಯಾಟೆಕ್‌ಗೆ ಎಸ್‌ಪಿ ಫ್ಲ್ಯಾಶ್ ಟೂಲ್, ಸ್ಯಾಮ್‌ಸಂಗ್‌ಗೆ ಓಡಿನ್ ಎಂಬ ಪ್ರೋಗ್ರಾಮುಗಳನ್ನು ಅಂಗಡಿಗಳಲ್ಲಿ ಬಳಸುತ್ತಾರೆ. ಫೈಲನ್ನು ಆರಿಸಿ, ಟ್ಯಾಬ್ಲೆಟ್ಟಿನ ಗುಂಡಿ ಹಿಡಿದು ಕೇಬಲ್ ಚುಚ್ಚಿದರೆ ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಾ ಹೋಗುತ್ತದೆ. ಅದು ನೂರು ಮುಟ್ಟುವವರೆಗೆ ಕೇಬಲ್ ಅಲುಗಾಡಿಸಬಾರದು. ಎಲ್ಲ ಸರಿಯಿದ್ದರೆ ಹತ್ತಿಪ್ಪತ್ತು ನಿಮಿಷದ ಕೆಲಸ.

ಸರಿಯಿಲ್ಲದಿದ್ದರೆ ಇಡೀ ದಿನ. ಎಷ್ಟೋ ಸಲ ತಪ್ಪು ಕೇಬಲಿನದು: ಕೆಲವು ಅಗ್ಗದ ಕೇಬಲುಗಳಲ್ಲಿ ಚಾರ್ಜ್ ಮಾಡುವ ತಂತಿಗಳಷ್ಟೇ ಇರುತ್ತವೆ, ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಕೆಲವು ಸಲ ವಿಂಡೋಸ್ ಡ್ರೈವರನ್ನು ಒಪ್ಪುವುದಿಲ್ಲ. ಮೀಡಿಯಾಟೆಕ್ ಟ್ಯಾಬ್ಲೆಟ್ಟಿನಲ್ಲಿ ಅವಸರಕ್ಕೆ ‘ಎಲ್ಲವನ್ನೂ ಫಾರ್ಮ್ಯಾಟ್ ಮಾಡು’ ಎಂಬ ಆಯ್ಕೆ ಒತ್ತಿದರೆ, ಕಾರ್ಖಾನೆಯಲ್ಲಿ ಬರೆದ ಐಎಂಇಐ ಸಂಖ್ಯೆಯೂ ವೈಫೈ ವಿಳಾಸವೂ ಅಳಿಸಿಹೋಗಬಹುದು. ಟ್ಯಾಬ್ಲೆಟ್ಟು ಏಳುತ್ತದೆ, ಸಿಮ್ ಮಾತ್ರ ಕೆಲಸ ಮಾಡುವುದಿಲ್ಲ. ಇನ್ನು ಮೆಮೊರಿ ಚಿಪ್ಪೇ ಸವೆದು ಸತ್ತಿದ್ದರೆ ಯಾವ ಫೈಲೂ ಉಪಯೋಗಕ್ಕೆ ಬಾರದು. ಮತ್ತೊಂದು ಮಾತು, ಹೀಗೆ ಪೂರ್ತಿ ಫರ್ಮ್‌ವೇರ್ ಹಾಕಿಸಿದಾಗ ಒಳಗಿದ್ದ ಫೋಟೊ, ನೋಟ್ಸ್ ಸಾಮಾನ್ಯವಾಗಿ ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳುವ ಅಂಗಡಿಯವರು ಒಳ್ಳೆಯವರು.

ಸಿಗದಿರುವುದು ಫೈಲು

ಪ್ರೋಗ್ರಾಮು ಸಿಗುತ್ತದೆ, ಡ್ರೈವರೂ ಸಿಗುತ್ತದೆ. ತೊಂದರೆ ಇರುವುದು ಮೂರನೆಯದರಲ್ಲಿ.

ಗೂಗಲ್ ತನ್ನ ನೆಕ್ಸಸ್ 7 ಟ್ಯಾಬ್ಲೆಟ್ಟಿನ ಪೂರ್ತಿ ಫರ್ಮ್‌ವೇರನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿತು. ಇಳಿಸಿಕೊಂಡ ಫೈಲು ಮೂಲದ್ದೇ ಹೌದೇ ಎಂದು ಪರೀಕ್ಷಿಸುವ ಬೆರಳಚ್ಚಿನಂಥ ಸಂಖ್ಯೆಯನ್ನೂ ಜೊತೆಗೆ ಕೊಟ್ಟಿತು. ಐಪ್ಯಾಡನ್ನು ಕಂಪ್ಯೂಟರಿಗೆ ಜೋಡಿಸಿದರೆ ಆಪಲ್‌ನ ಸರ್ವರಿನಿಂದ ಫೈಲು ತಾನಾಗಿ ಇಳಿದು ಬರುತ್ತದೆ. ಆದರೆ ಭಾರತದ ಬಹುಪಾಲು ಮನೆಗಳಲ್ಲಿ ಇರುವುದು ಇವುಗಳಲ್ಲ. ನಾಲ್ಕೈದು ಸಾವಿರ ರೂಪಾಯಿಯ, ಹೆಸರು ಒಂದು ಕಂಪನಿಯದು ಬೋರ್ಡು ಇನ್ನೊಂದು ಕಂಪನಿಯದು ಎಂಬಂಥ ಟ್ಯಾಬ್ಲೆಟ್ಟುಗಳು ಇಲ್ಲಿ ಲೆಕ್ಕವಿಲ್ಲದಷ್ಟು ಮಾರಾಟವಾಗಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮಾರಿದವರ ಕಡೆಯಿಂದ ಯಾವ ಫೈಲೂ ಇಲ್ಲ.

ಇಂಥ ಟ್ಯಾಬ್ಲೆಟ್ಟಿನ ಬೆನ್ನ ಮೇಲೆ ಅಚ್ಚಾದ ಮಾಡೆಲ್ ಹೆಸರನ್ನು ನಂಬುವಂತಿಲ್ಲ. ಒಂದೇ ಹೆಸರಿನ, ಒಂದೇ ಹೊರಕವಚದ ಎರಡು ಟ್ಯಾಬ್ಲೆಟ್ಟುಗಳೊಳಗೆ ಬೇರೆ ಬೇರೆ ಬೋರ್ಡ್ ಇರಬಹುದು, ಬೇರೆ ಟಚ್ ಚಿಪ್ ಇರಬಹುದು. ಒಂದರ ಫೈಲನ್ನು ಇನ್ನೊಂದಕ್ಕೆ ಹಾಕಿದರೆ ಎಡಕ್ಕೆ ಮುಟ್ಟಿದ್ದು ಬಲಕ್ಕೆ ತಗಲುತ್ತದೆ, ಚಿತ್ರ ತಲೆಕೆಳಗಾಗುತ್ತದೆ, ಕ್ಯಾಮೆರಾ ಮಾಯವಾಗುತ್ತದೆ. ಅದಕ್ಕೇ ಪಳಗಿದ ರಿಪೇರಿಗಾರ ಮೊದಲು ಹಿಂಬದಿ ಬಿಚ್ಚಿ ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಮುದ್ರಿಸಿದ ಸಂಖ್ಯೆಯನ್ನು ಓದುತ್ತಾನೆ. ಹಳೆಯ ಓಲೆಗರಿಯ ಕಟ್ಟು ಕೈಗೆ ಬಂದರೆ ವಿದ್ವಾಂಸರು ಮೇಲಿನ ಹಲಗೆಯ ಮೇಲೆ ಬರೆದ ಹೆಸರನ್ನು ನಂಬದೆ ಒಳಗಿನ ಗರಿಗಳನ್ನೇ ತೆರೆದು ನೋಡುವುದಿಲ್ಲವೇ, ಹಾಗೆ.

ಆ ಸಂಖ್ಯೆಗೆ ಹೊಂದುವ ಫೈಲು ಅಂಗಡಿಯವನ ಹಾರ್ಡ್‌ಡಿಸ್ಕಿನಲ್ಲಿ ಇರಬಹುದು. ಇದೇ ಬೋರ್ಡಿನ ಕೆಡದ ಟ್ಯಾಬ್ಲೆಟ್ಟು ಎಂದೋ ಕೈಗೆ ಬಂದಾಗ ಅದರ ಮೆಮೊರಿಯನ್ನು ಪೂರ್ತಿ ಓದಿ ಇಟ್ಟುಕೊಂಡಿರುತ್ತಾನೆ. ಗೆಳೆಯನಿಂದ ಪಡೆದಿರುತ್ತಾನೆ, ದುಡ್ಡು ಕೊಟ್ಟು ಕೊಂಡಿರುತ್ತಾನೆ. ಹೀಗೆ ಅಬಿಡ್ಸ್‌ನಲ್ಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೂತಿರುವ ರಿಪೇರಿಗಾರರ ಹಾರ್ಡ್‌ಡಿಸ್ಕುಗಳೇ ಈ ದೇಶದ ಅಗ್ಗದ ಟ್ಯಾಬ್ಲೆಟ್ಟುಗಳ ಏಕೈಕ ಪತ್ರಾಗಾರ. ಯಾರೂ ಅವರಿಗೆ ಈ ಕೆಲಸ ವಹಿಸಲಿಲ್ಲ, ಸಂಬಳ ಕೊಡಲಿಲ್ಲ. ಆ ಹಾರ್ಡ್‌ಡಿಸ್ಕು ಕೆಟ್ಟರೆ ಅಥವಾ ಅಂಗಡಿ ಮುಚ್ಚಿದರೆ ಪತ್ರಾಗಾರವೂ ಮುಚ್ಚಿತು.

ಹೀಗೆ ಕೈಯಿಂದ ಕೈಗೆ ಬಂದ ಫೈಲಿನಲ್ಲಿ ಅಪಾಯವೂ ಇದೆ. ನಡುವೆ ಯಾರಾದರೂ ಅದರೊಳಗೆ ಏನನ್ನಾದರೂ ಸೇರಿಸಿದ್ದರೆ ತಿಳಿಯುವ ಬಗೆಯಿಲ್ಲ, ಏಕೆಂದರೆ ಹೋಲಿಸಲು ಮೂಲಪ್ರತಿ ಇಲ್ಲ. ಟ್ರಯಾಡಾ ಎಂಬ ಕುತಂತ್ರಾಂಶ ಕೆಲವು ಅಗ್ಗದ ಆಂಡ್ರಾಯ್ಡ್ ಸಾಧನಗಳ ಫರ್ಮ್‌ವೇರಿನೊಳಗೆ, ತಯಾರಿಕೆಯ ಹಾದಿಯಲ್ಲೇ, ಹೊಕ್ಕಿತ್ತೆಂದು ಗೂಗಲ್ 2019ರಲ್ಲಿ ಒಪ್ಪಿಕೊಂಡಿತು. ಕಾರ್ಖಾನೆಯ ಹಾದಿಯಲ್ಲೇ ಹೀಗಾದರೆ ಹತ್ತು ಕೈ ದಾಟಿ ಬಂದ ಫೈಲಿನ ಗತಿಯೇನು? ಆ ಟ್ಯಾಬ್ಲೆಟ್ಟಿನಲ್ಲಿ ಮಗು ಪಾಠ ನೋಡುತ್ತದೆ, ಅಪ್ಪ ಬ್ಯಾಂಕಿನ ಓಟಿಪಿ ಓದುತ್ತಾನೆ. ಕಂಪನಿ ಫೈಲು ಕೊಡದಿರುವುದರಿಂದ ಭದ್ರತೆ ಹೆಚ್ಚುತ್ತದೆ ಎನ್ನುವವರು ಈ ಅಂಗಡಿಯ ಮುಂದೆ ಒಂದು ಸಂಜೆ ನಿಲ್ಲಬೇಕು.

ಆಕಾಶ್ ಕಲಿಸಿದ ಪಾಠ

ಹೈದರಾಬಾದಿಗೂ ಅಗ್ಗದ ಟ್ಯಾಬ್ಲೆಟ್ಟಿಗೂ ಹಳೆಯ ನಂಟಿದೆ. 2011ರ ಅಕ್ಟೋಬರ್ 5ರಂದು ಆಗಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ಲೆಟ್ಟು ನೆನಪಿರಬಹುದು. ಡೇಟಾವಿಂಡ್ ಕಂಪನಿಯ ಆ ಟ್ಯಾಬ್ಲೆಟ್ಟುಗಳನ್ನು ಜೋಡಿಸಿದ್ದು ಹೈದರಾಬಾದಿನ ಕ್ವಾಡ್ ಎಲೆಕ್ಟ್ರಾನಿಕ್ಸ್. ಏಳು ಇಂಚಿನ ಪರದೆ, 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಆಂಡ್ರಾಯ್ಡ್ 2.2. ಬೆಲೆ ಸರ್ಕಾರಕ್ಕೆ ಎರಡೂಕಾಲು ಸಾವಿರ ರೂಪಾಯಿಯ ಆಸುಪಾಸು. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್ಟು ಎಂದು ದೊಡ್ಡ ಸುದ್ದಿಯಾಯಿತು. ನಿಧಾನ, ಬ್ಯಾಟರಿ ನಿಲ್ಲದು, ಪರದೆ ಒತ್ತಿದರಷ್ಟೇ ಕೇಳುತ್ತದೆ ಎಂಬ ದೂರುಗಳೂ ಬಂದವು. ಕೆಲವೇ ತಿಂಗಳಲ್ಲಿ ಎರಡೂ ಕಂಪನಿಗಳ ನಡುವೆ ಹಣದ ಜಗಳ ಬೀದಿಗೆ ಬಿತ್ತು.

ಎರಡನೆಯ ಆವೃತ್ತಿ ಆಕಾಶ್ 2 ಬಂದದ್ದು 2012ರ ನವೆಂಬರ್ 11ರಂದು, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರ ಕೈಯಿಂದ. ಒಂದು ಲಕ್ಷ ಟ್ಯಾಬ್ಲೆಟ್ಟುಗಳನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ತಲುಪಿಸುವ ಹೊಣೆ ಐಐಟಿ ಬಾಂಬೆಯದು. ಅದರೊಳಗಿದ್ದದ್ದು ಆಲ್‌ವಿನ್ನರ್ ಎ13 ಚಿಪ್. ಈ ಚಿಪ್ಪಿಗೊಂದು ಒಳ್ಳೆಯ ಗುಣವಿದೆ: ಮೆಮೊರಿ ಕಾರ್ಡಿನಲ್ಲಿ ಏಳಬಲ್ಲ ವ್ಯವಸ್ಥೆಯಿದ್ದರೆ ಒಳಗಿನದನ್ನು ಬಿಟ್ಟು ಮೊದಲು ಅದನ್ನೇ ಎಬ್ಬಿಸುತ್ತದೆ. ಐಐಟಿ ಬಾಂಬೆಯ ತಂಡ ಇದನ್ನು ಬಳಸಿಕೊಂಡು ಕಾರ್ಡಿನಿಂದಲೇ ಲಿನಕ್ಸ್ ಚಲಾಯಿಸುವ ಬಗೆಯನ್ನು ಸಿದ್ಧಪಡಿಸಿತು, ಅದರ ಮೂಲಸಂಕೇತವನ್ನೂ ಸೂಚನೆಗಳನ್ನೂ ಎಲ್ಲರಿಗೂ ಸಿಗುವಂತೆ ಹಂಚಿತು. ವಿದ್ಯಾರ್ಥಿಗಳು ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿ ಒಳಗನ್ನು ನೋಡಬಹುದು, ಕೆಡಿಸಬಹುದು, ಮತ್ತೆ ಸರಿಮಾಡಬಹುದು ಎಂಬ ನಂಬಿಕೆ ಅದರ ಹಿಂದಿತ್ತು.

ಆಕಾಶ್ ಯೋಜನೆ ಸೋತಿತು ಎಂದೇ ಎಲ್ಲರೂ ಬರೆಯುತ್ತಾರೆ. ಬೆಲೆ, ಪೂರೈಕೆ, ಗುಣಮಟ್ಟದ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಈ ಒಂದು ವಿಷಯದಲ್ಲಿ ಅದು ನಂತರದ ಯೋಜನೆಗಳಿಗಿಂತ ಮುಂದಿತ್ತು. ಸಾರ್ವಜನಿಕ ಸಂಸ್ಥೆಯೊಂದು ನಡುವೆ ನಿಂತು, ಟ್ಯಾಬ್ಲೆಟ್ಟಿನ ಜೊತೆ ಅದನ್ನು ಎಬ್ಬಿಸುವ ವಿದ್ಯೆಯನ್ನೂ ಕೊಡಲು ಯತ್ನಿಸಿತು. ಆಕಾಶ್ ಹೆಸರು ಮಾರುಕಟ್ಟೆಯಿಂದ ಮರೆಯಾದ ಮೇಲೆ ನಾವು ನೆನಪಿಟ್ಟುಕೊಂಡದ್ದು ಅದರ ಸೋಲನ್ನು. ಮರೆತದ್ದು ಈ ಪಾಠವನ್ನು.

ನಂತರ ಏನೇನು ಕೊಂಡೆವು ನೋಡಿ. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟು ಹಂಚಿತು. 2022ರ ಮೇ ತಿಂಗಳಲ್ಲಿ ಹರಿಯಾಣ ಸುಮಾರು ಐದು ಲಕ್ಷ ಮಕ್ಕಳಿಗೆ ಕೊಡುವ ಯೋಜನೆ ಆರಂಭಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ಎಂಟನೇ ತರಗತಿಯ ಮಕ್ಕಳು ಮತ್ತು ಶಿಕ್ಷಕರಿಗೆಂದು ಐದು ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ಟುಗಳನ್ನು ತಂದಿತು. ಹಂಚುವ ದಿನ ಫೋಟೊ ಬರುತ್ತದೆ, ಸಂಖ್ಯೆ ಬರುತ್ತದೆ, ಕೋಟಿಗಳ ಲೆಕ್ಕ ಬರುತ್ತದೆ. ಮೂರು ವರ್ಷದ ಮೇಲೆ ಲೋಗೋದಲ್ಲಿ ನಿಂತ ಟ್ಯಾಬ್ಲೆಟ್ಟನ್ನು ಹಳ್ಳಿಯ ಶಿಕ್ಷಕಿಯೊಬ್ಬರು ಎಲ್ಲಿಗೆ ಒಯ್ಯಬೇಕು, ಅದರ ಫೈಲು ಯಾರ ಬಳಿ ಇದೆ ಎಂಬ ಪ್ರಶ್ನೆ ಆ ದಿನ ಯಾರೂ ಕೇಳುವುದಿಲ್ಲ. ಬೀರುವಿನೊಳಗೆ ಸೇರುವ ಟ್ಯಾಬ್ಲೆಟ್ಟುಗಳಿಗೆ ಫೋಟೊ ತೆಗೆಯುವವರಿಲ್ಲ.

ಚೌಕದ ಡಬ್ಬಿಗಳಾಗುವ ಕನ್ನಡ

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಪಾಲೂ ಇದೆ. ಆಂಡ್ರಾಯ್ಡ್ 2.2 ಇದ್ದ ಮೊದಲ ಆಕಾಶ್‌ನಂಥ ಸಾಧನಗಳಲ್ಲಿ ಕನ್ನಡದ ಪುಟ ತೆರೆದರೆ ಅಕ್ಷರದ ಬದಲು ಸಾಲು ಸಾಲು ಚೌಕದ ಡಬ್ಬಿಗಳು ಕಾಣುತ್ತಿದ್ದವು. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮುಂಚಿನ ದಿನಗಳಲ್ಲಿ ಕನ್ನಡ ಓದಬೇಕೆಂಬ ಒಂದೇ ಆಸೆಗೆ ಸಾಧನದ ಬೀಗ ಮುರಿದು ಫಾಂಟು ತೂರಿಸಿ, ಅದು ಕೈಕೊಟ್ಟಾಗ ಇಡೀ ಫರ್ಮ್‌ವೇರನ್ನೇ ಮತ್ತೆ ಹಾಕಿಕೊಂಡವರು ಇದ್ದರು.

ಅಂದರೆ ಒಂದು ಸಾಧನಕ್ಕೆ ಯಾವ ಭಾಷೆ ಬರುತ್ತದೆ ಎಂಬುದು ಫರ್ಮ್‌ವೇರಿನಲ್ಲಿ ಬರೆದಿರುತ್ತದೆ. ಸರಿಯಾದ ಫೈಲು ಸಿಗದೆ ಹಳೆಯ ಆವೃತ್ತಿಯದನ್ನೋ ಬೇರೆ ದೇಶದ ಮಾರುಕಟ್ಟೆಯದನ್ನೋ ಹಾಕಿದರೆ ಟ್ಯಾಬ್ಲೆಟ್ಟು ಎದ್ದೀತು. ಆದರೆ ಜಾಗ ಉಳಿಸಲು ಆ ಫೈಲಿನಲ್ಲಿ ನಮ್ಮ ಫಾಂಟುಗಳನ್ನು ಕೈಬಿಟ್ಟಿದ್ದರೆ ಕನ್ನಡ ಮತ್ತೆ ಡಬ್ಬಿಗಳಾಗುತ್ತದೆ. ಕಾಚಿಗುಡದ ನೃಪತುಂಗ ಶಾಲೆಯಂಥ ಹೊರನಾಡ ಕನ್ನಡ ಶಾಲೆಯ ಮಗುವಿಗಾಗಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗಾಗಲಿ ಇದು ಚಿಕ್ಕ ಮಾತಲ್ಲ. ಪಠ್ಯದ ಪಿಡಿಎಫ್ ತೆರೆಯುತ್ತದೆ, ಗೆಳತಿ ಕನ್ನಡದಲ್ಲಿ ಕಳಿಸಿದ ಸಂದೇಶ ತೆರೆಯುವುದಿಲ್ಲ. ಮೂಲ ಫೈಲು ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಕಾನೂನು ಎಲ್ಲಿಯವರೆಗೆ ಬಂದಿದೆ

1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 52ನೇ ಕಲಮು ಒಂದು ಸವಲತ್ತು ಕೊಡುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯೊಂದನ್ನು ನ್ಯಾಯವಾಗಿ ಹೊಂದಿರುವವರು, ಅದು ಕಳೆದುಹೋದೀತು ಅಥವಾ ಹಾಳಾದೀತು ಎಂಬ ಮುಂಜಾಗ್ರತೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ. ಒಳ್ಳೆಯ ಕಲಮೇ. ಆದರೆ ಸೀಡಿಯಲ್ಲಿ ಪ್ರೋಗ್ರಾಮು ಬರುತ್ತಿದ್ದ ಕಾಲಕ್ಕೆ ಅದು ಸರಿಹೊಂದುತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಪ್ರೋಗ್ರಾಮು ಇರುವುದು ಬೀಗ ಹಾಕಿದ ಮೆಮೊರಿಯೊಳಗೆ. ಪ್ರತಿ ಮಾಡಿಕೊಳ್ಳುವ ಹಕ್ಕು ಕಾಗದದ ಮೇಲಿದೆ, ಪ್ರತಿ ಮಾಡಿಕೊಳ್ಳುವ ದಾರಿ ಕಂಪನಿಯ ಕೈಯಲ್ಲಿದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿತು. ಅದೇ ಡಿಸೆಂಬರ್ 24ರಂದು ಇದಕ್ಕೆಂದೇ ಒಂದು ಪೋರ್ಟಲ್ ಬಂತು. 2025ರ ಮೇ ತಿಂಗಳಲ್ಲಿ ಇನ್ನೊಂದು ಸಮಿತಿ ‘ರಿಪೇರಿ ಸೂಚ್ಯಂಕ’ದ ವರದಿ ಸಲ್ಲಿಸಿತು. ಸಾಧನವನ್ನು ಎಷ್ಟು ಸುಲಭವಾಗಿ ಬಿಚ್ಚಬಹುದು, ರಿಪೇರಿ ಮಾಹಿತಿ ಸಿಗುತ್ತದೆಯೇ, ಬಿಡಿಭಾಗ ಸಕಾಲದಲ್ಲಿ ದೊರೆಯುತ್ತದೆಯೇ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ಕಾಲ ಬರುತ್ತದೆ ಎಂಬಂಥ ಅಂಶಗಳಿಗೆ ಅಂಕ ಕೊಡುವ ಯೋಜನೆ ಅದು. ಇವೆಲ್ಲ ಸ್ವಾಗತಾರ್ಹ. ಆದರೆ ಇಲ್ಲಿ ಬಿಡಿಭಾಗ ಒಂದು ಸಾಲು, ಸಾಫ್ಟ್‌ವೇರ್ ಇನ್ನೊಂದು ಸಾಲು. ಅಪ್‌ಡೇಟ್ ಬದುಕಿರುವ ಸಾಧನಕ್ಕೆ ಕೊಡುವ ಟಾನಿಕ್ಕು. ನೆಲಕ್ಕೆ ಬಿದ್ದದ್ದನ್ನು ಎಬ್ಬಿಸಲು ಬೇಕಾದದ್ದು ಪೂರ್ತಿ ಫೈಲು. ಎರಡೂ ಒಂದೇ ಎಂದು ಯಾರೂ ತಿಳಿಯಬಾರದು.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನು ಮತ್ತು ಟ್ಯಾಬ್ಲೆಟ್ಟುಗಳಿಗೆ ಹೊಸ ನಿಯಮ ಜಾರಿಗೆ ಬಂದಿದೆ. ಮಾಡೆಲೊಂದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್, ಏಳು ವರ್ಷ ಮುಖ್ಯ ಬಿಡಿಭಾಗ ಕೊಡಬೇಕು. ರಿಪೇರಿಗಾರರಿಗೆ ಕೊಡಬೇಕಾದ ಮಾಹಿತಿಯಲ್ಲಿ ಸಾಫ್ಟ್‌ವೇರ್, ಫರ್ಮ್‌ವೇರ್‌ಗೆ ಸಂಬಂಧಿಸಿದ್ದೂ ಸೇರಿದೆ. ಅಲ್ಲಿಗೆ ಕೊಡುವ ಕಂಪನಿಗಳು ಇಲ್ಲಿಗೆ ಏಕೆ ಕೊಡಬಾರದು?

ಎದುರು ವಾದಗಳು

ಕಂಪನಿಗಳು ಮುಂದಿಡುವ ಮೊದಲ ವಾದ ಕಳ್ಳತನದ್ದು. ಫೈಲು ಎಲ್ಲರಿಗೂ ಸಿಕ್ಕರೆ ಕದ್ದ ಟ್ಯಾಬ್ಲೆಟ್ಟನ್ನು ಒರೆಸಿ ಮಾರುವುದು ಸುಲಭವಾಗುತ್ತದೆ ಎಂದು. ಇದು ತಳ್ಳಿಹಾಕುವಂಥ ವಾದವಲ್ಲ. ಆದರೆ ಇದಕ್ಕೆ ಉತ್ತರ ಈಗಾಗಲೇ ಮಾರುಕಟ್ಟೆಯಲ್ಲಿದೆ. ಐಪ್ಯಾಡನ್ನು ಯಾರು ಬೇಕಾದರೂ ಕಂಪ್ಯೂಟರಿಗೆ ಜೋಡಿಸಿ ಹೊಸದಾಗಿ ಫರ್ಮ್‌ವೇರ್ ಹಾಕಬಹುದು. ಹಾಕಿದ ಮೇಲೂ ಅದು ಮೊದಲ ಮಾಲೀಕರ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಫೈಲು ಬೇರೆ, ಬೀಗ ಬೇರೆ. ಶಾಲೆಯ ಟ್ಯಾಬ್ಲೆಟ್ಟುಗಳಲ್ಲಿ ಬೇಡದ ಆಪ್ ತಡೆಯಲು ಹಾಕುವ ನಿರ್ವಹಣಾ ಬೀಗಕ್ಕೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಬೌದ್ಧಿಕ ಆಸ್ತಿಯ ವಾದ. ಆದರೆ ಆ ಫೈಲಿನೊಳಗಿರುವುದೆಲ್ಲ ಕೊಂಡವರ ಸಾಧನದಲ್ಲಿ ಆಗಲೇ ಇತ್ತು, ಅದರ ಬೆಲೆಯನ್ನೂ ಅವರು ಕೊಟ್ಟಾಗಿದೆ. ಅದರ ಮುಖ್ಯ ಭಾಗವಾದ ಲಿನಕ್ಸ್ ಕರ್ನೆಲ್ ಜಿಪಿಎಲ್ ಪರವಾನಗಿಯ ಕೆಳಗಿದೆ. ಅದನ್ನು ಸಾಧನದಲ್ಲಿಟ್ಟು ಮಾರುವವರು ಮೂಲಸಂಕೇತವನ್ನೂ, ಅದನ್ನು ಕಟ್ಟಿ ಕೂರಿಸಲು ಬಳಸುವ ಸ್ಕ್ರಿಪ್ಟುಗಳನ್ನೂ ಕೊಡಬೇಕೆಂದು ಆ ಪರವಾನಗಿಯೇ ಹೇಳುತ್ತದೆ. ಅಗ್ಗದ ಟ್ಯಾಬ್ಲೆಟ್ಟುಗಳ ಎಷ್ಟೋ ಕಂಪನಿಗಳು ಈ ಸಾಲವನ್ನೇ ತೀರಿಸಿಲ್ಲ.

ಮೂರನೆಯದು, ಜನ ತಾವೇ ಮಾಡಲು ಹೋಗಿ ಕೆಡಿಸಿಕೊಳ್ಳುತ್ತಾರೆ ಎಂಬುದು. ಕೆಟ್ಟದ್ದನ್ನು ಸರಿಮಾಡಲು ಹೊರಟವರಿಗೆ ಕೆಡಿಸೀರಿ ಎಂದು ಹೆದರಿಸುವುದು ವಿಚಿತ್ರ. ಎಲ್ಲರೂ ಮನೆಯಲ್ಲೇ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಹೊಲಿಗೆ ಯಂತ್ರದ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತದೆಂದು ಎಲ್ಲರೂ ಯಂತ್ರ ಬಿಚ್ಚುವುದಿಲ್ಲ. ಬಿಚ್ಚಬಲ್ಲವರ ಬಳಿಗೆ ಒಯ್ಯುತ್ತಾರೆ. ಆ ಬಲ್ಲವರ ಕೈಗೆ ಸರಿಯಾದ ಭಾಗ ಸಿಗಲಿ ಎಂಬುದಷ್ಟೇ ಬೇಡಿಕೆ.

ಠೇವಣಿ ಇಡಿ

ಹಾಗಾದರೆ ಏನು ಮಾಡಬೇಕು? ಮಾದರಿಗೆ ದೂರ ಹೋಗಬೇಕಿಲ್ಲ. ನಮ್ಮಲ್ಲಿ 1954ರಿಂದ ಒಂದು ಕಾಯ್ದೆಯಿದೆ. ಭಾರತದಲ್ಲಿ ಪುಸ್ತಕ ಪ್ರಕಟಿಸುವವರು ಅದರ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲೇ ಕಳಿಸಬೇಕು. ಪ್ರಕಾಶಕ ಅಂಗಡಿ ಮುಚ್ಚಿದರೂ ಪುಸ್ತಕ ಉಳಿಯಲಿ ಎಂಬುದು ಅದರ ಉದ್ದೇಶ. ಫರ್ಮ್‌ವೇರಿಗೂ ಇಂಥದೇ ಠೇವಣಿ ಬೇಕು. ಈ ದೇಶದಲ್ಲಿ ಟ್ಯಾಬ್ಲೆಟ್ಟು ಮಾರುವ ಕಂಪನಿ ಆ ಮಾಡೆಲಿನ ಪ್ರತಿಯೊಂದು ಬೋರ್ಡಿಗೂ ಪೂರ್ತಿ ಫೈಲು, ಹಾಕುವ ಪ್ರೋಗ್ರಾಮು, ಡ್ರೈವರ್, ಫೈಲಿನ ಬೆರಳಚ್ಚಿನ ಸಂಖ್ಯೆ, ಸರಳ ಭಾಷೆಯ ಸೂಚನೆ ಇಷ್ಟನ್ನು ಸಾರ್ವಜನಿಕ ಸಂಸ್ಥೆಯೊಂದರಲ್ಲಿ ಇಡಬೇಕು. ಕಂಪನಿ ಮುಚ್ಚಿದರೂ ಸರ್ವರ್ ಆರಿದರೂ ಫೈಲು ಉಳಿಯುತ್ತದೆ.

ಕಾಯ್ದೆಗೆ ವರ್ಷಗಳು ಬೇಕಾದೀತು. ಸರ್ಕಾರದ ಖರೀದಿಗೆ ಅಷ್ಟು ಕಾಯಬೇಕಿಲ್ಲ, ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು. ಟ್ಯಾಬ್ಲೆಟ್ಟು ತಲುಪಿಸುವ ದಿನವೇ ಫೈಲನ್ನೂ ತಲುಪಿಸಬೇಕು, ಇಲ್ಲದಿದ್ದರೆ ಕೊನೆಯ ಕಂತಿನ ಹಣವಿಲ್ಲ ಎಂದು. ಲಕ್ಷಗಟ್ಟಲೆ ಕೊಳ್ಳುವ ಗಿರಾಕಿಯ ಮಾತನ್ನು ಯಾವ ಕಂಪನಿಯೂ ತೆಗೆದುಹಾಕುವುದಿಲ್ಲ. ಆಮೇಲೆ ಪ್ರತಿ ತಾಲ್ಲೂಕಿನಲ್ಲಿ ಒಂದು ಐಟಿಐ ಅಥವಾ ಪಾಲಿಟೆಕ್ನಿಕ್ಕಿಗೆ ಈ ಕೆಲಸ ಒಪ್ಪಿಸಬಹುದು. ವಿದ್ಯಾರ್ಥಿಗಳಿಗೆ ಕಲಿಕೆಯೂ ಆಯಿತು, ಶಾಲೆಗೆ ಟ್ಯಾಬ್ಲೆಟ್ಟೂ ಮರಳಿತು.

ಹೈದರಾಬಾ‌ದಿನಲ್ಲಿಯೇ, ಚೆರ್ಲಪಲ್ಲಿಯಲ್ಲಿ, ಸಿ-ಮೆಟ್ ಎಂಬ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಿದೆ. ಹಳೆಯ ಸರ್ಕ್ಯೂಟ್ ಬೋರ್ಡುಗಳಿಂದ ಚಿನ್ನ, ಬೆಳ್ಳಿ, ತಾಮ್ರ ಬೇರ್ಪಡಿಸುವ ತಂತ್ರವನ್ನು ಅಲ್ಲಿ ರೂಪಿಸುತ್ತಾರೆ. ಅಗತ್ಯವಾದ ಕೆಲಸ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಹೇಳುತ್ತದೆ. ಆದರೆ ಪುಡಿಮಾಡಿ ಲೋಹ ತೆಗೆಯುವುದು ಕೊನೆಯ ಸಂಸ್ಕಾರ. ಅದೇ ಊರಿನ ಅಬಿಡ್ಸ್‌ನಲ್ಲಿ ಒಂದು ಕೇಬಲು, ಒಂದು ಲ್ಯಾಪ್‌ಟಾಪು, ಇಪ್ಪತ್ತು ನಿಮಿಷದಲ್ಲಿ ಏಳಬಹುದಾಗಿದ್ದ ಟ್ಯಾಬ್ಲೆಟ್ಟನ್ನು ಫೈಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ಹಂತಕ್ಕೆ ಕಳಿಸುವುದು ನ್ಯಾಯವಲ್ಲ.

ಮುಂದಿನ ಸಲ ಟ್ಯಾಬ್ಲೆಟ್ಟು ಕೊಳ್ಳುವಾಗ ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬಹುದು: ಇದರ ಸಾಫ್ಟ್‌ವೇರ್ ಹಾರಿಹೋದರೆ ಫೈಲು ಎಲ್ಲಿ ಸಿಗುತ್ತದೆ? ಮಾರುವವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ನಾಲ್ಕು ಜನ ಕೇಳಿದರೆ ಅವನು ಕಂಪನಿಯನ್ನು ಕೇಳುತ್ತಾನೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವವರು, ಖರೀದಿ ಸಮಿತಿಯಲ್ಲಿ ಸಹಿ ಹಾಕುವವರು ಇದೇ ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಕೇಳಬಹುದು. ಜಗದೀಶ್ ಮಾರ್ಕೆಟ್ಟಿನ ರಿಪೇರಿಗಾರ ಇಷ್ಟು ಕಾಲ ‘ಡಾಲ್ನಾ ಪಡ್ತಾ’ ಎನ್ನುತ್ತಲೇ ಬಂದಿದ್ದಾನೆ. ಹಾಕಲು ಬೇಕಾದದ್ದನ್ನು ಅವನ ಕೈಗೆ ಕೊಡಿಸುವುದು ನಮ್ಮ ಕೆಲಸ.